ಮುರಕಲ್ಲಿನ ಗೋಡೆಗೆ ಭಾರದ ರ‍್ಯಾಕ್: ನನ್ನ ಅನುಭವ

ಪುತ್ತೂರಿನ ಕಡೆಯ ನಮ್ಮ ಮನೆ ಮುರಕಲ್ಲಿನದು, ಅಂದರೆ ಒಳಗೆ ಟೊಳ್ಳುಗಳಿರುವ ಕೆಂಪು ಲ್ಯಾಟರೈಟ್ ಕಲ್ಲಿನದು. ಕಲ್ಲುಗಳ ನಡುವೆ ಮಣ್ಣಿನ ಗಾರೆ, ಮೇಲೆ ಸುಮಾರು ಮುಕ್ಕಾಲು ಇಂಚಿನ ಸಿಮೆಂಟ್ ಸಾರಣೆ. ಅಡಿಕೆಗೆ ಮದ್ದು ಬಿಡುವ ಪೈಪಿನ ಸುರುಳಿಗಳನ್ನೂ ಪಂಪನ್ನೂ ಇಡಲು ಹಿಂಬದಿಯ ಜಗಲಿಯ ಗೋಡೆಗೆ ಒಂದು ರ‍್ಯಾಕ್ ಬೇಕಾಗಿತ್ತು. ಒಟ್ಟು ಭಾರ ನೂರಿಪ್ಪತ್ತು ಕಿಲೋದಷ್ಟು. ಈ ಗೋಡೆಯಲ್ಲಿ ಅದು ನಿಲ್ಲದು, ನೆಲದಿಂದಲೇ ಕಂಬ ಎಬ್ಬಿಸಬೇಕು ಎಂದು ಮೇಸ್ತ್ರಿಯೂ ನಮ್ಮ ಅಣ್ಣನೂ ಖಂಡಿತವಾಗಿ ಹೇಳಿದ್ದರು. ರ‍್ಯಾಕ್ ಎರಡು ಮಳೆಗಾಲ ದಾಟಿ ನಿಂತಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಹಣ ಕಳೆದುಕೊಂಡ ಬಗೆಯನ್ನು ಹೇಳುತ್ತೇನೆ. ಎಲ್ಲರಂತೆ ನಾನೂ, ತೂತಿನೊಳಗೆ ಕೂರಿಸಿ ಸ್ಕ್ರೂ ತಿರುಗಿಸಿದಾಗ ಅಗಲವಾಗಿ ಹಿಡಿಯುವ ಪ್ಲಾಸ್ಟಿಕ್ ಕೊಳವೆಯಾದ ರಾಲ್ ಪ್ಲಗ್‌ನಿಂದಲೇ ಆರಂಭಿಸಿದೆ. ಡ್ರಿಲ್ಲಿನ ಹ್ಯಾಮರ್ (ಬಡಿಯುತ್ತ ಕೊರೆಯುವ ವಿಧಾನ) ಹಾಕಿ ಹತ್ತು ಎಂಎಂ ಬಿಟ್ ಇಳಿಸಿದರೆ ಒಳಗೆ ಹದಿನಾಲ್ಕರಷ್ಟು ಅಗಲದ ತೂತಾಗಿತ್ತು, ಪ್ಲಗ್ ಬೆರಳಿನಿಂದಲೇ ಹೊರಬಂತು. ಆ ತೂತಿಗೆ ಸಿಮೆಂಟ್ ತುಂಬಿ ಬೋಲ್ಟ್ ಕೂರಿಸಿದ್ದು ಎರಡನೆಯ ತಪ್ಪು. ಕೆಂಪು ಧೂಳಿನ ಮೇಲೆ ಸಿಮೆಂಟ್ ಹಿಡಿಯದೆ, ನಾಲ್ಕನೆಯ ದಿನ ಬೋಲ್ಟ್ ಸಿಮೆಂಟಿನ ಗಟ್ಟಿಯೊಂದಿಗೇ ಕಿತ್ತು ಬಂತು. ಮೂರನೆಯದಾಗಿ ತಂದ, ಬಿಗಿದಷ್ಟೂ ತೂತಿನೊಳಗೆ ಅಗಲವಾಗುವ ಕಬ್ಬಿಣದ ಆ್ಯಂಕರ್ ಬೋಲ್ಟ್‌ಗಳನ್ನು ಬಿಗಿದಾಗ ಮೊದಮೊದಲು ಚೆನ್ನಾಗಿಯೇ ಹಿಡಿದಂತೆ ಕಂಡಿತು, ಆದರೆ ಅರ್ಧ ಸುತ್ತು ಹೆಚ್ಚು ತಿರುಗಿಸಿದ ಕೂಡಲೇ ಕಲ್ಲಿನ ಮೂಲೆ ಸೀಳಿ ಸಾರಣೆಯೊಂದಿಗೆ ಕೆಳಗೆ ಬಿತ್ತು. ಈ ಮೂರು ಪ್ರಯತ್ನಗಳಲ್ಲಿ, ಗೋಡೆ ಸರಿಪಡಿಸಿದ ಕೂಲಿ ಸೇರಿ, ಎರಡೂವರೆ ಸಾವಿರ ರೂಪಾಯಿ ಹೋಗಿರಬೇಕು.

ಮುರಕಲ್ಲನ್ನು ಒಳಗಿನಿಂದ ಒತ್ತಿ ಹಿಡಿಯುವ ಯಾವುದನ್ನೂ ನಂಬಬಾರದು, ಅಂಟಿಸಿ ಹಿಡಿಯಬೇಕು ಎಂಬುದು ಆಗ ಖಚಿತವಾಯಿತು. ಹೀಗಾಗಿ, ತೂತಿಗೆ ತುಂಬಿದರೆ ಗಟ್ಟಿಯಾಗಿ ರಾಡನ್ನು ಕಲ್ಲಿಗೆ ಹಿಡಿಸುವ ಎರಡು ಭಾಗದ ಅಂಟಾದ ಕೆಮಿಕಲ್ ಆ್ಯಂಕರ್ ತರಿಸಿದೆ. ಸಿಲಿಕೋನ್ ಗನ್ನಿಗೆ ಹೊಂದುವ ಮುನ್ನೂರು ಎಂಎಲ್ ಟ್ಯೂಬಿಗೆ ಎಂಟುನೂರರ ಆಸುಪಾಸು ಕೊಟ್ಟ ನೆನಪು. ಜೊತೆಗೆ ಹತ್ತು ಎಂಎಂ ಸ್ಟೇನ್‌ಲೆಸ್ ಸ್ಟೀಲಿನ ಥ್ರೆಡ್ ರಾಡ್ (ಉದ್ದಕ್ಕೂ ತಿರುಪಿನ ಗೆರೆಯಿರುವ ಸರಳು) ಮತ್ತು ಅಂಟು ಟೊಳ್ಳಿಗೆ ಹರಿಯದಂತೆ ತೂತಿನೊಳಗೆ ಕೂರಿಸುವ ಜಾಲರಿ ಸ್ಲೀವ್‌ಗಳನ್ನು ತಂದೆ. ಪೈಪಿನಿಂದ ತೊಟ್ಟಿಕ್ಕುವ ಮೈಲುತುತ್ತಿನ (ಕಾಪರ್ ಸಲ್ಫೇಟ್) ನೀರು ಸಾದಾ ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಎಂಬುದು ತೋಟದವರಿಗೆಲ್ಲ ಗೊತ್ತಿರುವುದರಿಂದ, ರಾಡಿನ ವಿಷಯದಲ್ಲಿ ಉಳಿತಾಯ ಮಾಡಲಿಲ್ಲ.

ತೂತು ಕಲ್ಲಿನ ನಡುವೆ ಬೀಳಬೇಕು, ಗಾರೆಯ ಸಂದಿನಲ್ಲಿ ಬೀಳಬಾರದು. ಸಾರಣೆಯ ಮೇಲಿಂದ ಸಂದು ಕಾಣುವುದಿಲ್ಲವಾದ್ದರಿಂದ ಮೊದಲು ನಾಲ್ಕು ಎಂಎಂ ಬಿಟ್ಟಿನಿಂದ ಪರೀಕ್ಷೆಯ ತೂತು ಹಾಕಿ, ಕೆಳಗೆ ಹಿಡಿದ ಬಿಳಿ ಕಾಗದದ ಮೇಲೆ ಬೀಳುವ ಪುಡಿಯನ್ನು ನೋಡುತ್ತಿದ್ದೆ: ಸಾರಣೆಯ ಬೂದು ಪುಡಿ ಮುಗಿದ ಮೇಲೆ ಒರಟಾದ ಇಟ್ಟಿಗೆಗೆಂಪು ಪುಡಿ ಒಂದೇ ಸಮನೆ ಬಂದರೆ ಅದು ಕಲ್ಲು, ಬಿಟ್ ತಟ್ಟನೆ ಒಳಸರಿದು ನುಣ್ಣನೆಯ ಮಣ್ಣು ಬಂದರೆ ಸಂದು. ಕಲ್ಲು ಖಚಿತವಾದ ಮೇಲೆ ಹ್ಯಾಮರ್ ಬಂದ್ ಮಾಡಿ, ಸ್ಲೀವ್‌ನ ಅಳತೆಯ ಬಿಟ್ಟಿನಿಂದ, ಸಾರಣೆಯ ದಪ್ಪವನ್ನು ಲೆಕ್ಕಕ್ಕೆ ಹಿಡಿಯದೆ ಕಲ್ಲಿನೊಳಗೇ ನಾಲ್ಕೂವರೆ ಇಂಚು ಕೊರೆದೆ. ಧೂಳು ತೆಗೆಯುವುದಕ್ಕೆ ಕೊರೆಯುವುದಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಸೈಕಲ್ ಪಂಪಿಗೆ ಸಣ್ಣ ನಳಿಕೆ ಸಿಕ್ಕಿಸಿ ತಳದಿಂದ ಊದುವುದು, ಬ್ರಷ್ ಆಡಿಸುವುದು, ಮತ್ತೆ ಊದುವುದು. ಬೆರಳಿಗೆ ಕೆಂಪು ಹತ್ತುವುದು ನಿಲ್ಲುವವರೆಗೆ ಇದನ್ನೇ ಮಾಡಿದೆ. ಕಲ್ಲು ಒಣಗಿರಲೆಂದು ಕೆಲಸಕ್ಕೆ ಮಾರ್ಚ್ ತಿಂಗಳನ್ನು ಆರಿಸಿಕೊಂಡಿದ್ದೆ.

ಟ್ಯೂಬಿನಿಂದ ಮೊದಲು ಬರುವ ಅಂಟಿನಲ್ಲಿ ಎರಡು ಬಣ್ಣ ಬೇರೆಬೇರೆಯಾಗಿ ಕಾಣುತ್ತದೆ. ಬಣ್ಣ ಒಂದಾಗುವವರೆಗೂ ಅದನ್ನು ಹೊರಗೆ ಸುರಿದು, ಅನಂತರ ಸ್ಲೀವನ್ನು ತಳದಿಂದ ತುಂಬುತ್ತ ಬಂದು, ರಾಡನ್ನು ತಿರುಗಿಸುತ್ತ ಒಳಗಿಳಿಸಿದೆ. ಅಂಟು ಗಟ್ಟಿಯಾಗಲು ಟ್ಯೂಬಿನ ಮೇಲೆ ಅರ್ಧ ಗಂಟೆ ಎಂದಿದ್ದರೂ ನಾನು ಒಂದು ಇಡೀ ದಿನ ಮುಟ್ಟಲಿಲ್ಲ. ಮುರಕಲ್ಲಿನೊಳಗೆ ಹೆಬ್ಬೆರಳು ಗಾತ್ರದ ಟೊಳ್ಳು ಸಿಕ್ಕಾಗ, ಸ್ಲೀವ್ ಇದ್ದರೂ ಅಂಟು ಹರಿದುಹೋಗದಂತೆ ನಾನು ಮಾಡುವ ಕೆಲಸವೊಂದಿದೆ. ಅದನ್ನು ಮನೆಗೆ ಬಂದವರಿಗೆ ತೋರಿಸುತ್ತೇನೆಯೇ ಹೊರತು ಇಲ್ಲಿ ಬರೆಯಲಾರೆ.

ಬ್ರಾಕೆಟ್ಟಿನ ವಿಷಯದಲ್ಲಿಯೂ ಒಮ್ಮೆ ಎಡವಿದ್ದೆ. ಮೊದಲು ಮಾಡಿಸಿದ್ದರಲ್ಲಿ ಮೇಲಿನ ಮತ್ತು ಕೆಳಗಿನ ಬೋಲ್ಟಿನ ನಡುವೆ ಆರೇ ಇಂಚು ಇತ್ತು. ಎರಡು ಬ್ರಾಕೆಟ್ಟುಗಳಲ್ಲಿ ಒಂದೊಂದರ ಪಾಲಿಗೆ ಬರುವ ಅರವತ್ತು ಕಿಲೋ ಭಾರ ಗೋಡೆಯಿಂದ ಎಂಟು ಇಂಚು ಮುಂದಕ್ಕೆ ತೂಗಿದರೆ ಮೇಲಿನ ಬೋಲ್ಟನ್ನು ಎಂಬತ್ತು ಕಿಲೋದಷ್ಟು ಸೆಳೆತ ಹೊರಕ್ಕೆಳೆಯುತ್ತದೆ. ಅದೇ ಅಂತರವನ್ನು ಹನ್ನೆರಡು ಇಂಚು ಮಾಡಿದಾಗ ಸೆಳೆತ ನಲವತ್ತಕ್ಕೆ ಇಳಿಯಿತು. ಎರಡನೆಯ ಜೋಡಿಗೆ ವೆಲ್ಡಿಂಗ್‌ನವರು ಒಂಬೈನೂರು ತೆಗೆದುಕೊಂಡರು.

ಅಂಗಳದಲ್ಲಿ ಉಳಿದಿದ್ದ ಒಂದು ಒಂಟಿ ಕಲ್ಲಿನ ಮೇಲೂ ಪ್ರಯೋಗ ಮಾಡಿದ್ದೇನೆ. ಒಂದು ರಾಡನ್ನು ಈ ಅಂಟಿನಲ್ಲಿಯೂ ಇನ್ನೊಂದನ್ನು ಸುಣ್ಣ ಬೆಲ್ಲದ ಗಾರೆಯಲ್ಲಿಯೂ ಕೂರಿಸಿ, ತಿಂಗಳಾದ ಮೇಲೆ ಚೈನ್ ಪುಲ್ಲಿಯಿಂದ ಎಳೆದೆ. ಸುಣ್ಣದ್ದು ಬೇಗನೆ ಜಾರಿತು. ಅಂಟಿನದನ್ನು ಎಳೆದಾಗ ಕಲ್ಲೇ ಎರಡು ಹೋಳಾಯಿತು, ರಾಡ್ ಮಾತ್ರ ಒಂದು ಹೋಳಿನಲ್ಲಿ ಹಾಗೆಯೇ ಉಳಿಯಿತು. ಆ ಹೋಳನ್ನು ಮೇಸ್ತ್ರಿಯವರ ಕೈಗೇ ಕೊಟ್ಟೆ. ರ‍್ಯಾಕಿನ ಮೇಲೆ ಮೂರು ಮೂಟೆ ಸಿಮೆಂಟನ್ನು, ಅಂದರೆ ನೂರೈವತ್ತು ಕಿಲೋವನ್ನು, ಮೂರು ದಿನ ಇಟ್ಟು ನೋಡಿದ ಬಳಿಕವೇ ಪಂಪನ್ನು ಹತ್ತಿಸಿದ್ದು.

ಕಳೆದ ವಾರ ಅಣ್ಣನೇ ಕರೆದು, ತನ್ನ ಮನೆಯಲ್ಲಿಯೂ ಇಂಥದೊಂದನ್ನು ಹಾಕಿಕೊಡು ಎಂದ. ಅಲ್ಲಿ ಮೊದಲನೆಯ ಪರೀಕ್ಷೆಯ ತೂತಿನಿಂದ ಮಣ್ಣು ಬಂದದ್ದರಿಂದ ಗುರುತನ್ನು ನಾಲ್ಕು ಬೆರಳು ಎಡಕ್ಕೆ ಸರಿಸಿ ಬಂದಿದ್ದೇನೆ.