ನೊಂದ ಮಗುವಿನ ಕನಸಿನ ಲೋಕವನ್ನು ಚಿತ್ರಿಸುವ ಬಗೆ

ಕಾಮಿಕ್ಸ್‌ನಂಥ ಚಿತ್ರಕಥೆಯಲ್ಲಾಗಲಿ ಅನಿಮೇಷನ್‌ನಲ್ಲಾಗಲಿ, ನೊಂದ ಮಗುವಿನ ಕನಸೆಂದ ಕೂಡಲೇ ತೇಲುವ ಮೋಡಗಳನ್ನೂ ಸೊಟ್ಟ ಮರಗಳನ್ನೂ ಬಿಡಿಸಿಬಿಡುವ ರೂಢಿಯಿದೆ. ಅಂಥ ಕನಸು ಯಾರದ್ದೂ ಆಗಬಹುದು. ಮಗು ಎಚ್ಚರದಲ್ಲಿ ಮುಟ್ಟಿ ಬಲ್ಲ ವಸ್ತುಗಳಿಂದಲೇ ಅದರ ಕನಸನ್ನು ಕಟ್ಟಬೇಕಾದ್ದರಿಂದ, ಮೊದಲ ಗೆರೆ ಎಳೆಯುವ ಮುನ್ನವೇ ಊರು, ಕಾಲ, ಮನೆ ನಿಶ್ಚಯವಾಗಿರಲಿ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಊರುಗಳು ಮುಳುಗಡೆಯಾದಾಗ ಮನೆ ಕಳೆದುಕೊಂಡು, ಅಂದಿನಿಂದ ಮಾತನ್ನೇ ನಿಲ್ಲಿಸಿರುವ 8 ವರ್ಷದ ಗೌರಿ ಎಂಬ ಕಲ್ಪಿತ ಹುಡುಗಿಯನ್ನು ತೆಗೆದುಕೊಳ್ಳೋಣ. ಮಲೆನಾಡಿನ ದೀವರ ಸಮುದಾಯದ ಈ ಹುಡುಗಿ, ಆ ಸಮುದಾಯದವರು ಮನೆಯ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ನೋಡುತ್ತಲೇ ಬೆಳೆದವಳು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ: ಅವಳ ಕನಸಿಗೆ ಈ ನಾಲ್ಕು ಬಣ್ಣಗಳು ಸಾಕು. ಚಿತ್ತಾರದಲ್ಲಿ ನೀಲಿ ಇಲ್ಲದ ಕಾರಣ ಕನಸಿನ ನೀರನ್ನೂ ಕಪ್ಪಾಗಿಯೇ ಬಿಡಿಸಿ. ಹಿನ್ನೀರಿನ ಭಯ ಅದರಲ್ಲೇ ಬರುತ್ತದೆ.

ಮುಂದಿನದು ನಿಯಮ. ಕನಸಿನ ಲೋಕ ಎಚ್ಚರದ ಲೋಕವನ್ನು ಒಂದೇ ಒಂದು ಕಡೆ ಮುರಿಯಬೇಕು, ಆ ಮುರಿತ ನೋವು ಇರುವಲ್ಲೇ ಆಗಬೇಕು. ಎಚ್ಚರದಲ್ಲಿ ಅಕ್ಕಿಹಿಟ್ಟಿನ ಗೆರೆ ನೀರು ತಾಗಿದರೆ ಅಳಿಸಿಹೋಗುತ್ತದೆ. ಗೌರಿಯ ಕನಸಿನಲ್ಲಾದರೋ ನೀರು ಆ ಗೆರೆಯನ್ನು ದಾಟಲಾರದು. ಅಜ್ಜಿ ಬರೆಯುತ್ತಿದ್ದ ಎಳೆಗಳು ಅವಳಿಗೆ ಮರೆತಂತೆಲ್ಲ ಗೆರೆ ತೆಳುವಾಗುತ್ತ, ಚಿತ್ತಾರ ಬರೆಯುವ ಪುಂಡಿನಾರಿನ ಕುಂಚ ಒಣಗಿದಾಗ ಬೀಳುವಂಥ ಬಿರುಕುಗಳು ಅದರಲ್ಲಿ ಮೂಡುತ್ತ, ಅಲ್ಲಿಂದ ಕಪ್ಪು ಒಸರಲಿ. ಇಷ್ಟಾದರೆ ದುಃಖವನ್ನು ಮಾತಿನಲ್ಲಿ ವಿವರಿಸುವ ಕೆಲಸವೇ ಉಳಿಯುವುದಿಲ್ಲ. ಎರಡನೆಯ ನಿಯಮದ ಆಸೆ ಖಂಡಿತ ಹುಟ್ಟುತ್ತದೆ, ಬಿಟ್ಟುಬಿಡಿ.

ವಯಸ್ಸನ್ನೂ ಗಮನಿಸಬೇಕು. ಮಕ್ಕಳ ಕನಸುಗಳನ್ನು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಅಭ್ಯಸಿಸಿದ ಅಮೆರಿಕದ ಮನೋವಿಜ್ಞಾನಿ ಡೇವಿಡ್ ಫೌಲ್ಕ್ಸ್ ಕಂಡುಕೊಂಡಂತೆ, 5 ವರ್ಷದೊಳಗಿನವರ ಕನಸು ಬಹುಮಟ್ಟಿಗೆ ಚಲನೆಯಿಲ್ಲದ ಬಿಡಿ ಚಿತ್ರ. ಮಗು ತಾನೇ ಪಾತ್ರವಾಗಿ ಓಡಾಡುವ ಕನಸು ಬೀಳುವುದು ಸುಮಾರು 7 ವರ್ಷದ ನಂತರ. ಗೌರಿ ನೀರಿನಿಂದ ಓಡಬಹುದು, ಐದು ತುಂಬದ ಅವಳ ತಮ್ಮನ ಕನಸಾದರೆ ನಿಂತ ಚಿತ್ರವಾಗಿಯೇ ಇರಲಿ. ನೋಟದ ಎತ್ತರ ನಾಲ್ಕು ಅಡಿಯನ್ನು ಮೀರದಿರಲಿ: ದೊಡ್ಡವರು ಸೊಂಟದಿಂದ ಕೆಳಗೆ ಕಾಣಲಿ, ದೀಪದ ಗೂಡು ತಲೆಯ ಮೇಲಿರಲಿ.

ಕನಸಿಗೆ ಜಾರುವಾಗ ಮಂಜು ಬೇಡ. ಹೊದ್ದ ಕಂಬಳಿಯ ಕಪ್ಪೇ ಮುಂದಿನ ಪುಟದಲ್ಲಿ ನೀರಾಗಲಿ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ ಮಡೆನೂರು ಅಣೆಕಟ್ಟು ನೀರಿಳಿದ ಬೇಸಿಗೆಯಲ್ಲಿ ಮೇಲೆದ್ದು ಕಾಣುವುದುಂಟು. ಕನಸಿನಂತಿರುವ ಆ ದೃಶ್ಯವನ್ನು ಎಚ್ಚರದ ಪುಟಕ್ಕೇ ಮೀಸಲಿಡಿ.

ಎಲ್ಲ ಪುಟಗಳನ್ನೂ ಹೆಬ್ಬೆರಳ ಗಾತ್ರದಲ್ಲಿ ಒಂದೇ ಹಾಳೆಯ ಮೇಲೆ ಬಣ್ಣ ಹಾಕಿ, ದೂರದಿಂದ ನೋಡಿ. ಕನಸಿನ ಪುಟಗಳು ಬೇರೆಯಾಗಿ ಕಾಣದಿದ್ದರೆ ವಿವರ ಸೇರಿಸುತ್ತ ಹೋಗದೆ, ಎಚ್ಚರದ ಪುಟಗಳಲ್ಲಿ ಕೆಂಪನ್ನು ಕಡಿಮೆ ಮಾಡಿ.