14 ಕಂಪ್ಯೂಟರ್, ಒಂದು ಸ್ವಿಚ್: ನಾನು ನೆಟ್‌ವರ್ಕಿಂಗ್ ಕಲಿತ ಬಗೆ

ನಮ್ಮ ತಾಲ್ಲೂಕಿನ ಒಂದು ಹೈಸ್ಕೂಲಿಗೆ ಕಂಪ್ಯೂಟರ್ ಲ್ಯಾಬ್ ಬಂತು. 14 ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಫೈಬರ್ ಕನೆಕ್ಷನ್. ಎಲ್ಲವನ್ನೂ ಜೋಡಿಸಿ ಇಂಟರ್ನೆಟ್ ಕೊಡುವ ಕೆಲಸ ನನ್ನ ಪಾಲಿಗೆ ಬಿತ್ತು. ಅದಕ್ಕೂ ಮುಂಚೆ ನಾನು ಮಾಡುತ್ತಿದ್ದದ್ದು ಕಂಪ್ಯೂಟರ್ ರಿಪೇರಿ. ರ‍್ಯಾಮ್ ಬದಲಿಸುವುದು, ವಿಂಡೋಸ್ ಹಾಕುವುದು, ಅಷ್ಟೇ. ನೆಟ್‌ವರ್ಕಿಂಗ್ ಪುಸ್ತಕ ತೆರೆದರೆ ಮೊದಲಿಗೇ ಏಳು ಪದರಗಳ ಚಿತ್ರ. ಅದನ್ನು ಬಾಯಿಪಾಠ ಮಾಡಬಹುದು, ಆದರೆ ಕೆಲಸಕ್ಕೆ ಕೂತಾಗ ಎಲ್ಲಿಂದ ಶುರು ಮಾಡಬೇಕು ಅನ್ನೋದು ತಿಳಿಯುವುದಿಲ್ಲ. ನನಗೆ ವಿಷಯ ಅರ್ಥವಾಗಿದ್ದು ಕೇಬಲ್ ಕೈಗೆ ತೆಗೆದುಕೊಂಡ ಮೇಲೆ. ಮೊದಲು ತಂತಿ, ಆಮೇಲೆ ವಿಳಾಸ, ಆಮೇಲೆ ಹೊರಗೆ ಹೋಗುವ ದಾರಿ, ಕೊನೆಗೆ ಹೆಸರು. ಹೊಸಬರು ಯಾರೇ ಕೇಳಿದರೂ ನಾನು ಈ ಕ್ರಮವನ್ನೇ ಹೇಳುತ್ತೇನೆ.

ಕೇಬಲ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಯಾಕೆಂದರೆ ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಅಂಗಡಿಯಲ್ಲಿ ಕ್ಯಾಟ್-6 (ನೆಟ್‌ವರ್ಕ್ ಕೇಬಲ್ಲಿನ ಒಂದು ದರ್ಜೆ) ಕೇಳಿದರೆ 305 ಮೀಟರಿನ ಬಾಕ್ಸ್ ತೋರಿಸುತ್ತಾರೆ. ಕೆಲವು ಬಾಕ್ಸ್‌ಗಳ ಬೆಲೆ ನೋಡಿದರೆ ಬಹಳ ಕಡಿಮೆ. ಒಳಗಿನ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆಂಪು ಹೋಗಿ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಮಾತ್ರ. ಅದು ಬಗ್ಗಿಸಿದಲ್ಲಿ ಬೇಗ ಮುರಿಯುತ್ತದೆ, ದೂರ ಹೋದಂತೆ ಸಿಗ್ನಲ್ಲೂ ಕುಗ್ಗುತ್ತದೆ. ಪೂರ್ತಿ ತಾಮ್ರದ್ದನ್ನೇ ತಗೊಳ್ಳಿ. ಸ್ವಿಚ್ಚಿನಿಂದ (ಎಲ್ಲ ಕೇಬಲ್ ಬಂದು ಸೇರುವ ಪೆಟ್ಟಿಗೆ) ಕಂಪ್ಯೂಟರಿಗೆ 100 ಮೀಟರ್ ಮಿತಿ, ಅದನ್ನು ದಾಟಬಾರದು. ಯುಪಿಎಸ್ ವೈರಿನ ಜೊತೆ ಒಂದೇ ಪೈಪಿನಲ್ಲಿ ಎಳೆಯಲೂಬಾರದು.

ಕೇಬಲ್ಲಿನಲ್ಲಿ ಎಂಟು ತಂತಿ, ನಾಲ್ಕು ಜೋಡಿ. ಪ್ರತಿ ಜೋಡಿಯೂ ಹೆಣೆದುಕೊಂಡಿರುತ್ತದೆ. ಕನೆಕ್ಟರಿಗೆ ಹಾಕುವ ಬಣ್ಣದ ಕ್ರಮ ಹೀಗೆ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಇದಕ್ಕೆ ಟಿ568ಬಿ ಅನ್ನುತ್ತಾರೆ. ಹಸಿರು ಜೋಡಿಯ ಮಧ್ಯೆ ನೀಲಿ ಜೋಡಿ ಯಾಕೆ ಬಂತು ಅಂತ ನೋಡಿದವರಿಗೆಲ್ಲ ಅನ್ನಿಸುತ್ತದೆ. "ಎರಡೂ ತುದಿಯಲ್ಲಿ ಒಂದೇ ಕ್ರಮ ಇದ್ದರೆ ಸಾಕಲ್ವಾ?" ಅಂತ ಶಾಲೆಯ ಅಟೆಂಡರ್ ಅಣ್ಣ ಕೇಳಿದರು. ಒಳ್ಳೆಯ ಪ್ರಶ್ನೆ. ಜೋಡಿ ಜೋಡಿಯಾಗಿ ಪಕ್ಕಪಕ್ಕ ಇಟ್ಟು ಕ್ರಿಂಪ್ ಮಾಡಿದರೂ (ಕನೆಕ್ಟರಿಗೆ ಒತ್ತಿ ಕೂರಿಸಿದರೂ) ಕೇಬಲ್ ಟೆಸ್ಟರಿನಲ್ಲಿ ಎಂಟೂ ದೀಪ ಸರದಿಯಂತೆ ಹತ್ತುತ್ತವೆ. ಆದರೆ ಸಿಗ್ನಲ್ 3 ಮತ್ತು 6ನೇ ಪಿನ್ನನ್ನು ಒಂದು ಜೋಡಿಯಾಗಿ ಬಳಸುತ್ತದೆ. ಆ ಎರಡು ತಂತಿ ಒಂದಕ್ಕೊಂದು ಹೆಣೆದಿರದಿದ್ದರೆ ಪಕ್ಕದ ತಂತಿಯ ಗದ್ದಲವೆಲ್ಲ ಒಳಗೆ ನುಗ್ಗುತ್ತದೆ. ಎರಡು ಮೀಟರಿನ ತುಂಡಿನಲ್ಲಿ ಗೊತ್ತೇ ಆಗುವುದಿಲ್ಲ. ಮೂವತ್ತು ಮೀಟರ್ ಆಚೆ ಕೂತ ಕಂಪ್ಯೂಟರಿನಲ್ಲಿ ವಿಡಿಯೋ ತಡವರಿಸುತ್ತದೆ. ದೀಪ ಸರಿ ಇರುವುದರಿಂದ ಕೇಬಲ್ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ. ಹಾಗಾಗಿ ಬಣ್ಣದ ಕ್ರಮ ಬಿಡಬೇಡಿ, ಹೆಣಿಗೆಯನ್ನು ಕನೆಕ್ಟರಿನ ಹತ್ತಿರ ಬೇಕಾದಷ್ಟೇ ಬಿಚ್ಚಿ, ಒಂದು ಸೆಂಟಿಮೀಟರ್ ಆಸುಪಾಸು.

ಇನ್ನೊಂದು ಮಾತು. 100 ಎಂಬಿಪಿಎಸ್‌ಗೆ (ಸೆಕೆಂಡಿಗೆ 100 ಮೆಗಾಬಿಟ್ ವೇಗ) ಎರಡು ಜೋಡಿ ಸಾಕು, ಅದರ ಹತ್ತು ಪಟ್ಟು ವೇಗದ ಗಿಗಾಬಿಟ್‌ಗೆ ನಾಲ್ಕೂ ಬೇಕು. ಕಂದು ತಂತಿ ಸರಿಯಾಗಿ ಕೂರದಿದ್ದರೆ ಹಲವು ಸಲ ಲಿಂಕ್ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ವಿಂಡೋಸಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ ನೋಡಿದರೆ ತಕ್ಷಣ ತಿಳಿಯುತ್ತದೆ.

14 ಕಂಪ್ಯೂಟರ್, ಪ್ರಿಂಟರ್, ಇಂಟರ್ನೆಟ್ಟಿಗೆ ದಾರಿ ಕೊಡುವ ರೌಟರ್ ಸೇರಿದರೆ 16 ಪೋರ್ಟ್ (ಕೇಬಲ್ ಸಿಕ್ಕಿಸುವ ಜಾಗ) ಆಗಲೇ ತುಂಬಿಹೋಗುತ್ತದೆ. ಅದಕ್ಕೆ 24 ಪೋರ್ಟಿನ ಸ್ವಿಚ್ ಹಾಕಿಸಿದೆ. 1973ರಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಈಥರ್ನೆಟ್ (ನಾವು ಇವತ್ತು ಬಳಸುವ ಈ ಕೇಬಲ್ ಜಾಲದ ಪದ್ಧತಿ) ಕಲ್ಪಿಸಿಕೊಂಡಾಗ ಎಲ್ಲ ಯಂತ್ರಗಳಿಗೂ ಒಂದೇ ಕೇಬಲ್. ಇಬ್ಬರು ಒಟ್ಟಿಗೆ ಕಳಿಸಿದರೆ ಡಿಕ್ಕಿ, ಇಬ್ಬರೂ ಸ್ವಲ್ಪ ಕಾದು ಮತ್ತೆ ಕಳಿಸಬೇಕು. ಸ್ವಿಚ್ ಈ ತೊಂದರೆ ತಪ್ಪಿಸಿತು. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಮ್ಯಾಕ್ ವಿಳಾಸ ಅಂತ ಒಂದು ಗುರುತು ಇರುತ್ತದೆ. ಯಾವ ಪೋರ್ಟಿನಿಂದ ಯಾವ ಮ್ಯಾಕ್ ಮಾತಾಡಿತು ಅನ್ನೋದನ್ನು ಸ್ವಿಚ್ ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಸಲ ಆ ಪೋರ್ಟಿಗೆ ಮಾತ್ರ ಕಳಿಸುತ್ತದೆ. ನಾವು ಏನೂ ಸೆಟ್ ಮಾಡಬೇಕಾಗಿಲ್ಲ.

ಈಗ ವಿಳಾಸ, ಅಂದರೆ ಐಪಿ. ಯಾವುದೇ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಅಂತ ಇಂಗ್ಲಿಷಿನಲ್ಲಿ ಹೊಡೆಯಿರಿ. ನಮ್ಮ ಲ್ಯಾಬಿನಲ್ಲಿ ಬರುವುದು ಹೀಗೆ: ಐಪಿ 192.168.1.104, ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ 192.168.1.1. ಮಾಸ್ಕಿನಲ್ಲಿ 255 ಇರುವ ಜಾಗದ ಅಂಕಿಗಳು ಎಲ್ಲರಿಗೂ ಒಂದೇ ಆಗಿರಬೇಕು. ಅಂದರೆ 192.168.1 ತನಕ ಹೊಂದಿದರೆ ಆ ಕಂಪ್ಯೂಟರ್ ನಮ್ಮದೇ ಜಾಲದ್ದು, ನೇರವಾಗಿ ಮಾತಾಡಬಹುದು. ಹೊಂದದಿದ್ದರೆ ಹೊರಗಿನದು, ಗೇಟ್‌ವೇ ಕೈಗೆ ಕೊಡಬೇಕು. ಗೇಟ್‌ವೇ ಅಂದರೆ ಇಲ್ಲಿ ರೌಟರ್.

ನಿಮ್ಮ ಮನೆಯಲ್ಲೂ 192.168 ಇದ್ದರೆ ಆಶ್ಚರ್ಯವಿಲ್ಲ. 32 ಬಿಟ್ಟಿನ ವಿಳಾಸ ಅಂದರೆ ಒಟ್ಟು ಸುಮಾರು 430 ಕೋಟಿ ಮಾತ್ರ. ಪ್ರಪಂಚದ ಎಲ್ಲ ಯಂತ್ರಕ್ಕೂ ಸಾಲುವುದಿಲ್ಲ. ಹಾಗಾಗಿ ಕೆಲವು ಸರಣಿಗಳನ್ನು ಖಾಸಗಿ ಬಳಕೆಗೆ ಬಿಟ್ಟಿದ್ದಾರೆ, 192.168 ಅದರಲ್ಲಿ ಒಂದು. ಹೊರಗೆ ಹೋಗುವಾಗ ರೌಟರ್ ನಮ್ಮ ವಿಳಾಸ ತೆಗೆದು ತನ್ನದನ್ನು ಹಾಕುತ್ತದೆ. ಉತ್ತರ ಬಂದಾಗ ಯಾರಿಗೆ ಸೇರಬೇಕು ಅಂತ ನೋಡಿ ಹಂಚುತ್ತದೆ. ಈ ಕೆಲಸದ ಹೆಸರು ನ್ಯಾಟ್. 14 ಮಕ್ಕಳು ಒಟ್ಟಿಗೆ ಬ್ರೌಸ್ ಮಾಡಿದರೂ ಹೊರಗಿನವರಿಗೆ ಕಾಣುವುದು ಒಂದೇ ವಿಳಾಸ.

ಐಪಿಯನ್ನು ಪ್ರತಿ ಕಂಪ್ಯೂಟರಿಗೂ ಕೂತು ಕೊಡಬೇಕಿಲ್ಲ, ರೌಟರಿನಲ್ಲಿರುವ ಡಿಎಚ್‌ಸಿಪಿ ಅನ್ನೋ ವ್ಯವಸ್ಥೆ ತಾನೇ ಹಂಚುತ್ತದೆ. ನಾನು ಕೊನೆಯ ಅಂಕಿ 100ರಿಂದ 199ರವರೆಗೆ ಹಂಚಲು ಬಿಟ್ಟು, ಪ್ರಿಂಟರಿಗೆ 192.168.1.50 ಅಂತ ಖಾಯಂ ಕೊಟ್ಟೆ. ಪ್ರಿಂಟರಿನ ವಿಳಾಸ ಬದಲಾಗುತ್ತಿದ್ದರೆ ಒಂದಲ್ಲ ಒಂದು ದಿನ ಪ್ರಿಂಟ್ ನಿಂತೇ ನಿಲ್ಲುತ್ತದೆ.

ಕೊನೆಯದು ಡಿಎನ್‌ಎಸ್. ನಾವು ಹೊಡೆಯುವುದು ಹೆಸರು, ಯಂತ್ರಕ್ಕೆ ಬೇಕಾಗಿರುವುದು ಅಂಕಿ. ಹೆಸರಿಗೆ ಅಂಕಿ ಹುಡುಕಿಕೊಡುವುದು ಇದರ ಕೆಲಸ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ್ದು, ಇವತ್ತಿಗೂ ಅದೇ ನಡೆಯುತ್ತಿದೆ.

"ಸರ್, ನೆಟ್ ಬರ್ತಿಲ್ಲ" ಅಂತ ಫೋನ್ ಬಂದರೆ ನಾನು ಇದೇ ಕ್ರಮದಲ್ಲಿ ಹೋಗುತ್ತೇನೆ. ಕೇಬಲ್ ಸಿಕ್ಕಿಸಿದ ಜಾಗದಲ್ಲಿ ದೀಪ ಮಿನುಗುತ್ತಿದೆಯಾ? ಐಪಿ ಬಂದಿದೆಯಾ? 169.254 ಅಂತ ಶುರುವಾಗಿದ್ದರೆ ಡಿಎಚ್‌ಸಿಪಿಯಿಂದ ವಿಳಾಸ ಸಿಕ್ಕಿಲ್ಲ, ವಿಂಡೋಸ್ ತಾನೇ ಒಂದು ಹಾಕಿಕೊಂಡಿದೆ ಅಂತ ಅರ್ಥ. ಐಪಿ ಸರಿ ಇದ್ದರೆ 192.168.1.1ಕ್ಕೆ ಪಿಂಗ್ (ಆ ವಿಳಾಸದಿಂದ ಉತ್ತರ ಬರುತ್ತದಾ ಅಂತ ನೋಡುವ ಕಮಾಂಡ್) ಮಾಡಿಸುತ್ತೇನೆ. ಉತ್ತರ ಬಂದರೆ ಲ್ಯಾಬಿನ ಒಳಗೆ ತೊಂದರೆ ಇಲ್ಲ. ಆಮೇಲೆ 8.8.8.8ಕ್ಕೆ, ಇದು ಹೊರಗಿನ ಗೂಗಲ್ ಸರ್ವರಿನ ವಿಳಾಸ. ಅದೂ ಬಂದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಮೊದಲ ಅನುಮಾನ ಡಿಎನ್‌ಎಸ್ ಮೇಲೆ. ಪಕ್ಕದ ಕಂಪ್ಯೂಟರಿಗೆ ಪಿಂಗ್ ಹೋಗಲಿಲ್ಲ ಅಂತ ಮಾತ್ರ ಸುಮ್ನೆ ಕೇಬಲ್ ಕೀಳಬೇಡಿ. ವಿಂಡೋಸಿನ ಫೈರ್‌ವಾಲ್ ಅದಕ್ಕೆ ಉತ್ತರ ಕೊಡದಂತೆ ತಡೆದಿರಬಹುದು.

ಈ ಕ್ರಮ ನಿಜವಾಗಿ ಕೈಹಿಡಿದದ್ದು ಒಂದು ವಿಚಿತ್ರ ತೊಂದರೆ ಬಂದಾಗ. ಲ್ಯಾಬಿನ ಕೆಲವು ಕಂಪ್ಯೂಟರಿಗೆ ನೆಟ್ ಇದೆ, ಕೆಲವಕ್ಕೆ ಇಲ್ಲ. ರೀಸ್ಟಾರ್ಟ್ ಮಾಡಿದರೆ ಸರಿ ಇದ್ದದ್ದು ಕೈಕೊಡುತ್ತದೆ, ಕೈಕೊಟ್ಟದ್ದು ಸರಿಯಾಗುತ್ತದೆ. ಕೇಬಲ್‌ಗಳೆಲ್ಲ ಚೆನ್ನಾಗಿವೆ. ನೆಟ್ ಇರುವ ಮತ್ತು ಇಲ್ಲದ ಎರಡು ಕಂಪ್ಯೂಟರಿನಲ್ಲಿ ಐಪಿಕಾನ್ಫಿಗ್ ಹೊಡೆದು ಪಕ್ಕಪಕ್ಕ ನೋಡಿದೆ. ಒಂದರಲ್ಲಿ 192.168.1.112, ಇನ್ನೊಂದರಲ್ಲಿ 192.168.0.103. ಗೇಟ್‌ವೇ 192.168.0.1. ಅಂಥ ವಿಳಾಸ ಕೊಡುವ ರೌಟರನ್ನು ನಾನು ಇಟ್ಟೇ ಇಲ್ಲ. ಹುಡುಕುತ್ತಾ ಹೋದರೆ ಸ್ಟಾಫ್ ರೂಮಿನಲ್ಲಿ ವೈಫೈ ಬೇಕು ಅಂತ ಒಂದು ಹಳೆಯ ರೌಟರ್ ತಂದು, ನಮ್ಮ ಜಾಲದ ಕೇಬಲ್ಲನ್ನು ಅದರ ಲ್ಯಾನ್ ಪೋರ್ಟಿಗೆ (ಒಳಗಿನ ಕಂಪ್ಯೂಟರ್‌ಗಳಿಗಾಗಿ ಇರುವ ಪೋರ್ಟ್) ಸಿಕ್ಕಿಸಿದ್ದರು. ಅದೂ ಡಿಎಚ್‌ಸಿಪಿ ಹಂಚುತ್ತಿತ್ತು. ಕಂಪ್ಯೂಟರ್ ಯಾರು ಮೊದಲು ವಿಳಾಸ ಕೊಟ್ಟರೋ ಅವರದ್ದು ತಗೊಳ್ಳುತ್ತದೆ. ಹಳೆಯ ರೌಟರ್ ಕೊಟ್ಟ ವಿಳಾಸ ಹಿಡಿದವರಿಗೆ ಹೊರಗೆ ಹೋಗುವ ದಾರಿಯೇ ಇಲ್ಲ.

ಸರಿಪಡಿಸುವುದು ಸುಲಭ. ಹಳೆಯ ರೌಟರಿನ ಡಿಎಚ್‌ಸಿಪಿ ಆಫ್ ಮಾಡಿ, ಅದರ ಸ್ವಂತ ವಿಳಾಸವನ್ನು 192.168.1.2 ಮಾಡಿ, ಕೇಬಲ್ಲನ್ನು ಲ್ಯಾನ್ ಪೋರ್ಟಿನಲ್ಲೇ ಬಿಟ್ಟೆ. ಈಗ ಅದು ಬರೀ ವೈಫೈ ಕೊಡುತ್ತದೆ. ಮೇಷ್ಟ್ರಿಗೂ ಖುಷಿ, ಲ್ಯಾಬಿಗೂ ತೊಂದರೆ ಇಲ್ಲ.

ಹೊಸಬರು ಸಾಮಾನು ಕೊಳ್ಳದೆಯೂ ಕಲಿಯಬಹುದು. ಸಿಸ್ಕೋ ಕಂಪನಿಯವರ ಪ್ಯಾಕೆಟ್ ಟ್ರೇಸರ್ ಅನ್ನೋ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಸ್ವಿಚ್, ರೌಟರ್ ಎಳೆದಿಟ್ಟು ಜಾಲ ಕಟ್ಟಬಹುದು. ವೈರ್‌ಶಾರ್ಕ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡರೆ ನಿಮ್ಮ ಕಂಪ್ಯೂಟರಿನ ನಿಜವಾದ ಮಾತುಕತೆಯೇ ಕಾಣುತ್ತದೆ. ಮೊದಲು ಡಿಎಚ್‌ಸಿಪಿಯನ್ನೇ ನೋಡಿ, ನಾಲ್ಕೇ ಸಾಲು: ವಿಳಾಸ ಕೊಡುವವರು ಯಾರಾದರೂ ಇದ್ದೀರಾ, ಇದು ತಗೋ, ಅದನ್ನೇ ಕೊಡಿ, ಆಯ್ತು ನಿನ್ನದೇ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ತೋರಿಸಿದಾಗ ಬೋರ್ಡಿನ ಮೇಲೆ ಬರೆದದ್ದಕ್ಕಿಂತ ಬೇಗ ಅರ್ಥವಾಯಿತು.

ಲ್ಯಾಬಿನ ಪ್ರತಿ ಕೇಬಲ್ಲಿನ ಎರಡೂ ತುದಿಗೆ ನಂಬರ್ ಅಂಟಿಸಿ, ಯಾವ ಪೋರ್ಟ್ ಯಾವ ಮೇಜಿಗೆ ಅಂತ ಒಂದು ಹಾಳೆಯಲ್ಲಿ ಬರೆದು ಸ್ವಿಚ್ಚಿನ ಪಕ್ಕ ಹಚ್ಚಿದ್ದೇನೆ. ಆಫೀಸಿನ ಕಂಪ್ಯೂಟರ್‌ಗಳನ್ನು ಮಕ್ಕಳ ಜಾಲದಿಂದ ಬೇರೆ ಮಾಡುವ ಕೆಲಸ ಇನ್ನೂ ಬಾಕಿ ಇದೆ. ಅದಕ್ಕೆ ವಿಲ್ಯಾನ್ (ಒಂದೇ ಸ್ವಿಚ್ಚನ್ನು ಬೇರೆ ಬೇರೆ ಜಾಲಗಳಾಗಿ ಭಾಗ ಮಾಡುವ ವ್ಯವಸ್ಥೆ) ಬೇಕು, ಈಗಿರುವ ಸಾದಾ ಸ್ವಿಚ್ಚಿನಲ್ಲಿ ಆಗುವುದಿಲ್ಲ. ಸೆಟ್ಟಿಂಗ್ ಬದಲಿಸಬಹುದಾದ ಮ್ಯಾನೇಜ್ಡ್ ಸ್ವಿಚ್ ಬಂದ ಮೇಲೆ ಅದನ್ನೂ ಬರೆಯುತ್ತೇನೆ.