ದರಗಿನ ರಾಶಿ ಎಲ್ಲಿದೆ ಎಂದು ಮೊದಲು ಕೇಳುತ್ತೇನೆ

ಮಲೆನಾಡಿನ ಕಾಡಂಚಿನ ಊರುಗಳಲ್ಲಿ ಆರೋಗ್ಯ ಸಹಾಯಕನಾಗಿ ಕೆಲಸ ಮಾಡುವ ನನಗೆ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ ಕಾಲ ನವೆಂಬರ್‌ನಿಂದಲೇ ಶುರು. ಮಳೆ ಬಿಟ್ಟು ದರಗು, ಅಂದರೆ ಕಾಡಿನಲ್ಲಿ ಉದುರಿದ ಎಲೆ, ಒಣಗುವ ಹೊತ್ತಿಗೆ ರಕ್ತ ಹೀರುವ ಉಣುಗಿನ ಮರಿಗಳು ಬೆಳೆದು, ಎಳ್ಳಿಗಿಂತ ಸಣ್ಣಗೆ ಎಲೆಯ ತುದಿಯಲ್ಲಿ ಕಾಯುತ್ತಿರುತ್ತವೆ. ಬಲಿತ ಉಣುಗಿಗೆ ದನದ ಮೈ ಇಷ್ಟ. ಮರಿಗೆ ಇಲಿ, ಮಂಗ, ಮನುಷ್ಯ ಯಾರಾದರೂ ಸರಿ, ಕಷ್ಟ ಇರುವುದೇ ಅಲ್ಲಿ.

ಈ ಕಾಯಿಲೆ ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಗಳು ಸಾಯುತ್ತಿದ್ದವು, ಸುತ್ತಲಿನ ಊರುಗಳಲ್ಲಿ ಜ್ವರ ಎದ್ದಿತ್ತು. ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ನಮ್ಮಲ್ಲಿಗೂ ಬಂತೇ ಎಂದು ಆಗ ಗಾಬರಿಯಾಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಸಿಕ್ಕಿದ್ದು ರಷ್ಯಾ ಕಡೆಯ ಉಣುಗುಜ್ವರದ ವೈರಸ್ಸಿನ ಹತ್ತಿರದ ಬಂಧು. ಹೆಸರಿನಲ್ಲಿ ಮಂಗನ ಮೇಲೆ ತಪ್ಪು ಹೊರಿಸಿದ್ದೇವೆ, ಪಾಪ. ಅದೂ ನಮ್ಮ ಹಾಗೆ ಉಣುಗು ಕಚ್ಚಿಯೇ ಸಾಯುವುದು. ಆದರೆ ಸತ್ತ ಮಂಗನ ಮೈ ತಣ್ಣಗಾದೊಡನೆ ಅದರ ಮೇಲಿದ್ದ ಉಣುಗುಗಳೆಲ್ಲ ಕೆಳಗಿಳಿದುಬಿಡುತ್ತವೆ. ಅದು ಬಿದ್ದ ಜಾಗದ ಸುತ್ತಲಿನ ದರಗು ಆಮೇಲೆ ಅಪಾಯದ ತಾಣ.

ಹಾಗಾಗಿ ಸೌದೆಗೆ ಹೋದವರೋ ಅರಣ್ಯ ವೀಕ್ಷಕರೋ 'ಮುಸಿಯ ಸತ್ತು ಬಿದ್ದಿದೆ ಸಾರ್' ಎಂದು ಫೋನ್ ಮಾಡಿದರೆ ನನ್ನ ಮೊದಲ ಮಾತು, 'ಹತ್ತಿರ ಹೋಗಬೇಡಿ, ಗುರುತು ಮಾತ್ರ ಹೇಳಿ.' ದೇಹ ಕೊಳೆತಿರದಿದ್ದರೆ ಪಶುವೈದ್ಯರು ಬಂದು ಮಾದರಿ ತೆಗೆಯುತ್ತಾರೆ, ಉಳಿದದ್ದನ್ನು ಅಲ್ಲೇ ಸುಡುತ್ತೇವೆ. ಸುತ್ತ 50 ಮೀಟರ್ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಎರಚುತ್ತೇವೆ. ಉಣುಗು ಹಿಡಿಯುವುದಿದ್ದರೆ ಪುಡಿ ಹಾಕುವ ಮೊದಲೇ ಆಗಬೇಕು. ಅದಕ್ಕೆ ಕೋಲಿಗೆ ಕಟ್ಟಿದ ಬಿಳಿ ಫ್ಲಾನೆಲ್ ಬಟ್ಟೆ ಸಾಕು. ದರಗಿನ ಮೇಲೆ ನಿಧಾನಕ್ಕೆ ಎಳೆಯುತ್ತ ಹೋಗಿ ತಿರುಗಿಸಿ ನೋಡಿದರೆ ಕಪ್ಪು ಚುಕ್ಕಿಗಳು ನಡೆಯುತ್ತಿರುತ್ತವೆ. ಚಿಮಟದಲ್ಲಿ ಹೆಕ್ಕಿ, ಸೀಸೆಗೆ ಹಾಕಿ, ಜಾಗದ ಹೆಸರು ಬರೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಬೇಗ ಬೇಗ ಎಳೆದರೆ ಒಂದೂ ಹತ್ತುವುದಿಲ್ಲ. ಹೊಸದಾಗಿ ಬಂದ ಹುಡುಗರಿಗೆ ಇದನ್ನು ಕಲಿಸುವುದೇ ಕಷ್ಟ, ಅವರಿಗೆ ಮನೆಗೆ ಹೋಗುವ ಅವಸರ.

ಜ್ವರದ ಮನೆಗೆ ಹೋದಾಗ 'ಕಾಡಿಗೆ ಹೋಗಿದ್ರಾ' ಎಂದು ನಾನು ಕೇಳುವುದಿಲ್ಲ. ಹೆಚ್ಚಿನವರ ಉತ್ತರ 'ಇಲ್ಲ' ಎಂದೇ. ಒಬ್ಬ ಅಜ್ಜಿ ಕಟ್ಟೆಯ ಮೇಲೆ ಕೂತು, 'ಕಾಡಿಗೆಲ್ಲ ಹೋಗೋ ಶಕ್ತಿ ಎಲ್ಲಿದೆ ತಮ್ಮಾ, ಮನೆ ಬಿಟ್ಟು ಹೋಗದೇ ವರ್ಷ ಆಯ್ತು' ಅಂದರು. ಅವರ ಬೆನ್ನ ಹಿಂದೆಯೇ ಕೊಟ್ಟಿಗೆಗೆಂದು ಸೊಪ್ಪಿನ ಬೆಟ್ಟದಿಂದ ಗುಡಿಸಿ ತಂದ ದರಗಿನ ರಾಶಿ ಎದೆಯೆತ್ತರಕ್ಕಿತ್ತು. ದಿನಾ ಅದರಿಂದ ಒಂದು ಬುಟ್ಟಿ ತುಂಬಿ ದನದ ಕಾಲಡಿ ಹಾಸುತ್ತಿದ್ದವರು ಅವರೇ. ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ದರಗು ಬೇಕು, ಇದನ್ನು ಬಿಡಿ ಎನ್ನಲು ನನಗೆ ಬಾಯಿಲ್ಲ. ರಾಶಿಯನ್ನು ಅಂಗಳದಿಂದ ದೂರ ಹಾಕಿ, ಮುಟ್ಟುವ ಮೊದಲು ಉಣುಗು ಹತ್ತದಂತೆ ಮೈಗೆ ಡೀಪಾ ಎಣ್ಣೆ ಹಚ್ಚಿ, ಕೆಲಸ ಮುಗಿದ ಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆಯನ್ನೂ ಬಿಸಿನೀರಿಗೇ ಹಾಕಿ ಎನ್ನುತ್ತೇನೆ. ಎಣ್ಣೆ ಜಿಡ್ಡು ಎಂಬ ದೂರು ಇದ್ದದ್ದೇ.

ಕಚ್ಚಿದ 3ರಿಂದ 8 ದಿನದೊಳಗೆ ಜ್ವರ ಏಕಾಏಕಿ ಏರುತ್ತದೆ. ತಲೆ ಸಿಡಿತ, ಸೊಂಟ ಮುರಿದ ಹಾಗೆ ಮೈನೋವು, ಕೆಂಪು ಕಣ್ಣು. ಕೆಲವರಿಗೆ ರಕ್ತಸ್ರಾವ. ಇನ್ನು ಕೆಲವರಿಗೆ ವಾಸಿಯಾಯಿತು ಎಂದುಕೊಂಡ ಒಂದೆರಡು ವಾರಕ್ಕೆ ಜ್ವರ ಮರಳಿ ಮಿದುಳಿಗೆ ತಾಗುತ್ತದೆ. ವೈರಸ್ಸಿಗೇ ಎಂದು ಔಷಧವಿಲ್ಲ, ಆರೈಕೆಯೇ ಎಲ್ಲ. 100 ರೋಗಿಗಳಲ್ಲಿ 3ರಿಂದ 5 ಮಂದಿ ತೀರಿಕೊಳ್ಳುತ್ತಾರೆ. ಆದ್ದರಿಂದ ಮೊದಲ ದಿನಗಳಲ್ಲೇ ರಕ್ತ ತೆಗೆದು ಐಸ್ ಡಬ್ಬಿಯಲ್ಲಿ ಶಿವಮೊಗ್ಗಕ್ಕೆ ಕಳಿಸಲು ಒದ್ದಾಡುತ್ತೇವೆ. ನೋವಿಗೆಂದು ಅಂಗಡಿಯ ಆಸ್ಪಿರಿನ್ ನುಂಗಬೇಡಿ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳುತ್ತಾರೆ, ಅದು ರಕ್ತಸ್ರಾವವನ್ನು ಹೆಚ್ಚಿಸುತ್ತದೆ.

'ಅಂಟುತ್ತಾ?' ಎಂದು ಎಲ್ಲರೂ ಕೇಳುತ್ತಾರೆ. ರೋಗಿಯ ಮನೆಗೆ ನೆಂಟರು ಕಾಲಿಡದೆ ಇದ್ದದ್ದನ್ನು ನೋಡಿದ್ದೇನೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡಿದ ದಾಖಲೆ ಇಲ್ಲ. ನಮ್ಮ ಮೈಗೆ ಬಂದ ವೈರಸ್ಸಿಗೆ ಮುಂದೆ ದಾರಿ ಇಲ್ಲ. ಬಾವಲಿಯಿಂದ ಬರುವ ನಿಪಾ ಹಾಗಲ್ಲ. 2018ರಲ್ಲಿ ಕೋಯಿಕ್ಕೋಡಿನಲ್ಲಿ ಅದು ಹೆಚ್ಚಾಗಿ ಹರಡಿದ್ದೇ ಆಸ್ಪತ್ರೆಗಳಲ್ಲಿ, ರೋಗಿಯ ಹತ್ತಿರವಿದ್ದವರಿಗೆ. ಪ್ರಾಣಿಯಿಂದ ದಾಟುವುದು ಒಂದು ಮೆಟ್ಟಿಲು, ನಮ್ಮೊಳಗೇ ಹಬ್ಬುವುದು ಇನ್ನೊಂದು. ಮಂಗನ ಕಾಯಿಲೆ ಮೊದಲನೆಯದರಲ್ಲೇ ನಿಂತಿದೆ. ಆದರೆ ಕಾಡಿನಿಂದ ಕಾಡಿಗೆ ಅದು ಬೆಳೆಯುತ್ತಲೇ ಇದೆ. ಬಂಡೀಪುರ, ವಯನಾಡು, ಗೋವಾದ ಸತ್ತರಿ, ಸಿಂಧುದುರ್ಗ, ಎಲ್ಲ ಕಡೆ ಕಂಡಿದೆ.

ಹಳೆಯ ಲಸಿಕೆಗೆ ಜನ ಒಲ್ಲೆ ಎನ್ನುತ್ತಿದ್ದರು. ಚುಚ್ಚಿದ ಜಾಗ ಉರಿಯುತ್ತಿತ್ತು, ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್. 2005ರಿಂದ 2010ರವರೆಗಿನ ಲೆಕ್ಕ ನೋಡಿದರೆ ಎರಡು ಡೋಸಿನ ರಕ್ಷಣೆ ಶೇ 62, ಬೂಸ್ಟರ್ ಸೇರಿದರೆ ಶೇ 83. ಈಗ ಅದನ್ನು ಕೊಡುವುದು ನಿಂತಿದೆ.

ಅಕ್ಟೋಬರ್‌ನಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ಕೂತು, ದರಗು ತಂದು ಅಂಗಳದಲ್ಲಿ ರಾಶಿ ಹಾಕುವ ಮನೆಗಳ ಪಟ್ಟಿ ಮಾಡುತ್ತೇನೆ. ಎಣ್ಣೆಯ ಬಾಟಲಿ ಮೊದಲು ಹೋಗುವುದು ಆ ಮನೆಗಳಿಗೆ.